ಪಾಲಿಹೌಸ್ ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ: ಕೋಲಾರ, ಚಿಕ್ಕಬಳ್ಳಾಪುರದ ಬೆಳೆಗಾರರಿಗೆ ಹಂತ ಹಂತದ ಮಾರ್ಗದರ್ಶಿ

"ಬೆಳೆ ಚೆನ್ನಾಗಿಯೇ ಬಂತು, ದುಡ್ಡು ಮಾತ್ರ ಉಳಿಯಲಿಲ್ಲ." ಪಾಲಿಹೌಸ್ (ಪ್ಲಾಸ್ಟಿಕ್ ಶೀಟ್ ಹೊದಿಸಿ ಒಳಗೆ ಬೆಳೆ ತೆಗೆಯುವ ಶೆಡ್) ಹಾಕಿದವರು ಎರಡು ಮೂರು ವರ್ಷದ ನಂತರ ಹೇಳುವ ಮಾತು ಇದು. ಸಸಿ ಸತ್ತು ನಷ್ಟ ಆದವರಿಗಿಂತ ಲೆಕ್ಕ ತಪ್ಪಿ ನಷ್ಟ ಆದವರೇ ಜಾಸ್ತಿ ಕಾಣುತ್ತಾರೆ.

ಬಹಳ ಜನರಲ್ಲಿ ತಪ್ಪುವುದು ಕ್ರಮ. ಮೊದಲು ಸಬ್ಸಿಡಿ ವಿಚಾರಿಸುತ್ತಾರೆ. ಆಮೇಲೆ ಕಂಪನಿಯವರಿಂದ ಕೊಟೇಶನ್ ತರಿಸುತ್ತಾರೆ. ಶೆಡ್ ಎದ್ದು ನಿಂತ ಮೇಲೆ ಯಾವ ಬೆಳೆ ಅಂತ ಯೋಚಿಸುತ್ತಾರೆ. ಬೆಳೆ ಕೊಯ್ಲಿಗೆ ಬಂದಾಗ ಮಾರುಕಟ್ಟೆ ಹುಡುಕುತ್ತಾರೆ. ಏಪ್ರಿಲ್ ಬಂದಾಗ ನೀರು ನೆನಪಾಗುತ್ತದೆ. ಈ ಸಾಲನ್ನು ಪೂರ್ತಿ ತಿರುಗಿಸಬೇಕು: ಮೊದಲು ನೀರು, ಆಮೇಲೆ ಮಾರುಕಟ್ಟೆ, ಆಮೇಲೆ ಬೆಳೆ, ಆಮೇಲೆ ಕಿಲೋ ಲೆಕ್ಕ. ಶೆಡ್ಡು ಮತ್ತು ಸಬ್ಸಿಡಿ ಕೊನೆಗೆ.

## ಕೈಯಲ್ಲಿ ಇರಬೇಕಾದವು

ಒಂದು ಉದ್ದನೆಯ ಲೆಕ್ಕದ ಪುಸ್ತಕ. 200 ಲೀಟರ್ ಡ್ರಮ್ ಮತ್ತು ಗಡಿಯಾರ. ಇ.ಸಿ. (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ) ಮತ್ತು ಪಿ.ಎಚ್. (ಹುಳಿ, ಕ್ಷಾರದ ಅಳತೆ) ಅಳೆಯುವ ಕೈಮೀಟರ್. ಎಲೆಯ ಅಡಿಭಾಗ ನೋಡಲು ಒಂದು ಲೆನ್ಸ್. ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶ ತೋರಿಸುವ ಥರ್ಮಾಮೀಟರ್. ಹುಳ ಹಿಡಿಯುವ ಹಳದಿ ಮತ್ತು ನೀಲಿ ಅಂಟು ಕಾರ್ಡುಗಳು. ಇಷ್ಟಕ್ಕೂ ಆಗುವ ಖರ್ಚು ಶೆಡ್ಡಿನ ಖರ್ಚಿನ ಮುಂದೆ ಏನೇನೂ ಅಲ್ಲ. ಆದರೂ ಮೀಟರ್ ಇಲ್ಲದೆ ಗೊಬ್ಬರ ಬಿಡುವವರು ಬಹಳ ಜನ ಇದ್ದಾರೆ.

## ಹಂತ 1: ನೀರನ್ನು ಬೇಸಿಗೆಯಲ್ಲಿ ಅಳೆಯಿರಿ

ನಮ್ಮ ಎರಡೂ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್ಲೇ ಗತಿ. ಸಾವಿರ ಅಡಿ ದಾಟಿದ ಬೋರ್‌ಗಳು ಇಲ್ಲಿ ಮಾಮೂಲು. ಹಾಗಾಗಿ ಅಕ್ಟೋಬರ್‌ನಲ್ಲಿ ಬರುವ ನೀರು ನೋಡಿ ತೀರ್ಮಾನ ಮಾಡಬೇಡಿ. ಏಪ್ರಿಲ್ ಅಥವಾ ಮೇನಲ್ಲಿ ಅಳೆಯಿರಿ.

ಅಳೆಯುವ ವಿಧಾನ ಸುಲಭ. ಮೋಟಾರ್ ಹಾಕಿದ ತಕ್ಷಣ ಬರುವ ನೀರು ಲೆಕ್ಕಕ್ಕಿಲ್ಲ. ಮೂರು ಗಂಟೆ ಓಡಿದ ಮೇಲೆ ಡ್ರಮ್ ಇಡಿ. 200 ಲೀಟರ್ ತುಂಬಲು 4 ನಿಮಿಷ ಹಿಡಿದರೆ ಗಂಟೆಗೆ 3,000 ಲೀಟರ್. ಅದನ್ನು ನಿಮ್ಮ ಊರಿನಲ್ಲಿ ನಿಜವಾಗಿ ಸಿಗುವ ತ್ರೀ ಫೇಸ್ ಕರೆಂಟಿನ ಗಂಟೆಗಳಿಂದ ಗುಣಿಸಿ. ಲೈನ್‌ಮನ್ ಹೇಳಿದ ಗಂಟೆ ಅಲ್ಲ, ನೀವು ಒಂದು ವಾರ ಬರೆದಿಟ್ಟ ಗಂಟೆ.

ಬೇಕಾಗುವುದು ಎಷ್ಟು? ಕ್ಯಾಪ್ಸಿಕಂಗೆ ಹವೆ ಮತ್ತು ಗಿಡದ ವಯಸ್ಸು ನೋಡಿಕೊಂಡು ಚದರ ಮೀಟರಿಗೆ ದಿನಕ್ಕೆ 2ರಿಂದ 4 ಲೀಟರ್ ಅಂತ ಇಟ್ಟುಕೊಳ್ಳಿ. ಅರ್ಧ ಎಕರೆ ಅಂದರೆ ಸುಮಾರು 2,000 ಚದರ ಮೀಟರ್. 3 ಲೀಟರಿನಂತೆ ದಿನಕ್ಕೆ 6,000 ಲೀಟರ್ ಆಯಿತು. ಇದು ಬೇರೆ ಬೆಳೆಗೆ, ದನಕ್ಕೆ, ಮನೆಗೆ ಬಿಟ್ಟು ಉಳಿಯುವ ನೀರಾಗಿರಬೇಕು.

ನೀರಿನ ಗುಣ. ಪ್ರಮಾಣಕ್ಕಿಂತ ಇದೇ ಜಾಸ್ತಿ ಜನರನ್ನು ಕೆಡಿಸುತ್ತದೆ. ಆಳದ ಬೋರ್ ನೀರಿನಲ್ಲಿ ಉಪ್ಪು, ಸುಣ್ಣದ ಅಂಶ ಹೆಚ್ಚು. ಗೊಬ್ಬರ ಬೆರೆಸಿದ ಮೇಲೆ ಗಿಡಕ್ಕೆ ಹೋಗುವ ನೀರಿನ ಇ.ಸಿ. (mS/cm ಲೆಕ್ಕದಲ್ಲಿ) 1.5ರಿಂದ 2ರ ಒಳಗೆ ಇರಬೇಕು ಅಂದುಕೊಳ್ಳಿ. ನಿಮ್ಮ ನೀರಿನ ಇ.ಸಿ. ಬರಿದೇ 1.3 ಇದ್ದರೆ ಗೊಬ್ಬರ ಹಾಕಲು ಜಾಗವೇ ಇಲ್ಲ. ಗಿಡಕ್ಕೆ ಬೇಡದ ಉಪ್ಪು ಮೊದಲೇ ತುಂಬಿಕೊಂಡಿರುತ್ತದೆ. ಗುಲಾಬಿ ಇದನ್ನು ಸ್ವಲ್ಪವೂ ತಡೆದುಕೊಳ್ಳುವುದಿಲ್ಲ. 1ಕ್ಕಿಂತ ಕಡಿಮೆ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಕೋಲಾರದವರಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರಿನ ಕೇಂದ್ರ ಇದೆ. ನೀರು, ಮಣ್ಣು ಎರಡರ ಪರೀಕ್ಷೆಯನ್ನೂ ಅಲ್ಲಿ ವಿಚಾರಿಸಿ.

ಕೆ.ಸಿ. ವ್ಯಾಲಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿ ನೀರು ಇದೆ. ಇವು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂಥ ಕೆರೆಯ ಪಕ್ಕದ ಬೋರ್‌ನಲ್ಲಿ ನೀರು ಏರಿದೆ ಅಂತ ಖುಷಿಪಟ್ಟು ಪರೀಕ್ಷೆ ಬಿಡಬೇಡಿ. ಅಲ್ಲಿ ಆರು ತಿಂಗಳಿಗೊಮ್ಮೆ ಮಾಡಿಸಿ.

ಮಳೆ ನೀರು. ಪಾಲಿಹೌಸಿನ ಚಾವಣಿಯೇ ನಿಮ್ಮ ದೊಡ್ಡ ಆಸ್ತಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಅಂತ ಇಟ್ಟುಕೊಂಡರೆ 2,000 ಚದರ ಮೀಟರಿಗೆ 14 ಲಕ್ಷ ಲೀಟರ್. ಸೋರಿದ್ದು, ಚೆಲ್ಲಿದ್ದು ಕಳೆದು 11 ಲಕ್ಷ ಹಿಡಿದರೂ, ದಿನಕ್ಕೆ 6,000 ಲೀಟರಿನಂತೆ ಆರು ತಿಂಗಳ ನೀರು! ಅದೂ ಉಪ್ಪಿಲ್ಲದ ನೀರು. ಬೋರ್ ನೀರಿಗೆ ಇದನ್ನು ಅರ್ಧಕ್ಕರ್ಧ ಬೆರೆಸಿದರೆ ಇ.ಸಿ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎರಡನೇ ಬೋರ್ ಕೊರೆಸುವ ದುಡ್ಡನ್ನು ಕೃಷಿ ಹೊಂಡಕ್ಕೆ ಹಾಕಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೇಲೆ 20 ಮೀಟರ್ ಉದ್ದಗಲ, 3 ಮೀಟರ್ ಆಳ, ಒಂದಕ್ಕೆ ಒಂದು ಇಳಿಜಾರು ಗೋಡೆಯ ಹೊಂಡದಲ್ಲಿ ಸುಮಾರು 8.7 ಲಕ್ಷ ಲೀಟರ್ ಹಿಡಿಯುತ್ತದೆ. ಹೊಂಡದ ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಕಡ್ಡಾಯ. ಶೀಟ್ ಹಾಸಿದ ಹೊಂಡಕ್ಕೆ ಬಿದ್ದ ಮಗು ಜಾರುವ ಗೋಡೆ ಹತ್ತಿ ಮೇಲೆ ಬರಲಾರದು.

ಎಚ್ಚರಿಕೆಯ ಗುರುತು: ಡ್ರಿಪ್ಪರ್ ಬಾಯಲ್ಲಿ ಬಿಳಿ ಪದರ, ಫಾಗರ್ (ಮಂಜಿನಂತೆ ನೀರು ಸಿಂಪಡಿಸುವ ಸಾಧನ) ಬಿಟ್ಟ ಮೇಲೆ ಎಲೆ ಮೇಲೆ ಬಿಳಿ ಚುಕ್ಕೆ, ಒಂದೇ ಸಾಲಿನ ಗಿಡಗಳಲ್ಲಿ ಏರುಪೇರು. ಡ್ರಿಪ್ ಶುಚಿ ಮಾಡಲು ಆಸಿಡ್ ಬಳಸುವಾಗ ನೀರಿಗೆ ಆಸಿಡ್ ಹಾಕಿ. ಆಸಿಡ್‌ಗೆ ನೀರು ಸುರಿಯಬೇಡಿ, ಅದು ಮುಖಕ್ಕೆ ಸಿಡಿಯುತ್ತದೆ.

## ಹಂತ 2: ಮಂಡಿಯ ಪಟ್ಟಿ ಸಂಗ್ರಹಿಸಿ

ಪಾಲಿಹೌಸ್ ಇರುವ ಮೂರು ನಾಲ್ಕು ಬೆಳೆಗಾರರನ್ನು ಹಿಡಿಯಿರಿ. ಒಂದು ಪೂರ್ತಿ ವರ್ಷದ ಮಂಡಿ ಪಟ್ಟಿಗಳನ್ನು (ಮಾಲು ಮಾರಿದಾಗ ಮಂಡಿಯವರು ಕೊಡುವ ಲೆಕ್ಕದ ಚೀಟಿ) ಕೇಳಿ. ಬಾಯಲ್ಲಿ ಹೇಳುವ ರೇಟು ಬೇಡ. "ಕೆ.ಜಿ.ಗೆ 120 ಹೋಯಿತು" ಅನ್ನುವುದು ಎಲ್ಲರಿಗೂ ನೆನಪಿರುತ್ತದೆ. 18ಕ್ಕೆ ಹೋದ ವಾರ ಯಾರೂ ಹೇಳುವುದಿಲ್ಲ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಎಪಿಎಂಸಿ ದರ ನೋಡಬಹುದು. ಆದರೆ ಕೆಂಪು, ಹಳದಿ ಕ್ಯಾಪ್ಸಿಕಂಗೆ ಮತ್ತು ಕಟ್ ಫ್ಲವರ್‌ಗೆ (ಕಾಂಡ ಸಮೇತ ಮಾರುವ ಗುಲಾಬಿ, ಜರ್ಬೆರಾದಂಥ ಹೂ) ಪಟ್ಟಿಯನ್ನೇ ನಂಬಿ.

52 ವಾರಗಳ ರೇಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅತಿ ಹೆಚ್ಚಿನ ಐದು ವಾರಗಳನ್ನು ಹೊಡೆದುಹಾಕಿ. ಉಳಿದವುಗಳ ಸರಾಸರಿ ತೆಗೆಯಿರಿ. ನಿಮ್ಮ ಲೆಕ್ಕಕ್ಕೆ ಅದೇ ರೇಟು.

ಹೂವಿಗೆ ಪಂಚಾಂಗವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ ಮತ್ತು ಮದುವೆ ತಿಂಗಳುಗಳಲ್ಲಿ ಏರುತ್ತದೆ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಇಳಿಯುತ್ತದೆ. ಗಿಡ ಮಾತ್ರ ಆಷಾಢ ಅಂತ ಹೂ ಬಿಡುವುದು ನಿಲ್ಲಿಸುವುದಿಲ್ಲ, ಅಲ್ವಾ? ಕೂಲಿಯೂ ನಿಲ್ಲುವುದಿಲ್ಲ. ಕಟ್ ಫ್ಲವರ್ ಮಾರಲು ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರ, ಕೆ.ಆರ್. ಮಾರ್ಕೆಟ್, ನೇರವಾಗಿ ಅಲಂಕಾರದವರು, ಹೀಗೆ ಕನಿಷ್ಠ ಎರಡು ದಾರಿ ಮೊದಲೇ ನೋಡಿಡಿ.

ಇನ್ನು ಕೈಗೆ ಬರುವ ರೇಟು. ಮಂಡಿಯಲ್ಲಿ ಕೂಗಿದ್ದು 70 ರೂಪಾಯಿ ಅಂತಿಟ್ಟುಕೊಳ್ಳಿ. ಮಾಲಿನ ಐದನೇ ಒಂದು ಭಾಗ ಎರಡನೇ ದರ್ಜೆ, ಅದು 35ಕ್ಕೆ ಹೋಯಿತು. ಸರಾಸರಿ 63. ನೂರಕ್ಕೆ ಹತ್ತು ಕಡಿತವಾದರೆ 56.70. ಬಾಕ್ಸ್, ಹಮಾಲಿ, ಗಾಡಿ ಬಾಡಿಗೆ ಕಿಲೋಗೆ 5 ರೂಪಾಯಿ ಕಳೆದರೆ 51.70. ಹೊಸಬರು ಕಂಪನಿ ಕೊಟ್ಟ ಲೆಕ್ಕದ ಹಾಳೆಯಲ್ಲಿ 70 ಅಂತಲೇ ಗುಣಿಸುತ್ತಾರೆ. ಕಿಲೋಗೆ 18 ರೂಪಾಯಿ ಗಾಳಿಯಲ್ಲಿ ಹೋಗುವುದು ಇಲ್ಲೇ.

## ಹಂತ 3: ಬೆಳೆ ಆರಿಸಿ

ಸೌತೆ. ಪಾಲಿಹೌಸಿಗೆ ಪರಾಗಸ್ಪರ್ಶ ಇಲ್ಲದೆ ಕಾಯಿ ಕಟ್ಟುವ ತಳಿಯೇ ಬೇಕು. ನೆಟ್ ಇರುವುದರಿಂದ ಜೇನು ಒಳಗೆ ಬರುವುದಿಲ್ಲ. ಮೂರು ತಿಂಗಳ ಬೆಳೆ, ನಾಟಿಯಾಗಿ ಒಂದೂವರೆ ತಿಂಗಳೊಳಗೆ ದುಡ್ಡು ಬರಲು ಶುರು. ಮೊದಲ ಸಲದವರಿಗೆ ಇದೇ ಒಳ್ಳೆಯ ಪಾಠಶಾಲೆ. ತಪ್ಪು ಮಾಡಿದರೂ ಮೂರು ತಿಂಗಳಲ್ಲಿ ಮುಗಿಯುತ್ತದೆ.

ಬಣ್ಣದ ಕ್ಯಾಪ್ಸಿಕಂ. ಒಂಬತ್ತು ಹತ್ತು ತಿಂಗಳ ಬೆಳೆ. ಬಣ್ಣ ಬಂದ ಕಾಯಿ ಕೊಯ್ಯಲು ನಾಟಿಯಾಗಿ ಸುಮಾರು ಮೂರು ತಿಂಗಳು. ಅಲ್ಲಿಯವರೆಗೆ ಖರ್ಚು ಮಾತ್ರ.

ಗುಲಾಬಿ. ಎಕರೆಗೆ ಇಪ್ಪತ್ತು ಸಾವಿರಕ್ಕೂ ಮೀರಿ ಗಿಡ ಬೇಕು. ನಾಲ್ಕೈದು ತಿಂಗಳಿಗೆ ಹೂ ಶುರುವಾಗಿ ಐದಾರು ವರ್ಷ ನಡೆಯುತ್ತದೆ. ದಿನಾ ಕೊಯ್ಲು, ಹಬ್ಬಕ್ಕೂ ರಜೆ ಇಲ್ಲ. ಕಾಂಡದ ಉದ್ದದ ಮೇಲೆ ದರ್ಜೆ, 20 ಹೂವಿಗೆ ಒಂದು ಕಟ್ಟು. ಕೊಯ್ದ ತಕ್ಷಣ ನೀರಿನ ಬಕೆಟ್, ಆಮೇಲೆ ತಣ್ಣನೆ ಕೋಣೆ ಬೇಕು. ಕೋಲ್ಡ್ ರೂಮಿನ ಖರ್ಚು ಸೇರಿಸದ ಗುಲಾಬಿ ಲೆಕ್ಕ ಲೆಕ್ಕವೇ ಅಲ್ಲ. ಮನೆಯವರು ತೋಟದಲ್ಲೇ ಇರುವುದಾದರೆ ಮಾತ್ರ ಕೈಹಾಕಿ. ಜರ್ಬೆರಾಕ್ಕೂ ಇದೇ ಮಾತು, ಆದರೆ ಗಿಡದ ಆಯಸ್ಸು ಎರಡೂವರೆ ಮೂರು ವರ್ಷ ಅಷ್ಟೆ.

ಟೊಮೆಟೊ ಬೇಡ. ಕೋಲಾರದ ಎಪಿಎಂಸಿ ಟೊಮೆಟೊಗೆ ಏಷ್ಯಾದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಬಯಲಲ್ಲಿ ಕೋಲು ನೆಟ್ಟು ಬೆಳೆದ ಹಣ್ಣಿಗೂ ನಿಮ್ಮ ಶೆಡ್ಡಿನ ಹಣ್ಣಿಗೂ ಅಲ್ಲಿ ಹೆಚ್ಚುಕಡಿಮೆ ಒಂದೇ ರೇಟು. ಬಯಲು ಬೆಳೆಯ ಜೊತೆ ಪೈಪೋಟಿಗೆ ಇಳಿಯಲು ಪಾಲಿಹೌಸ್ ಯಾಕೆ?

## ಹಂತ 4: ಕಿಲೋ ಲೆಕ್ಕ ಹಾಕಿ

ಇದೇ ಈ ಮಾರ್ಗದರ್ಶಿಯ ಮುಖ್ಯ ಭಾಗ. ನಿಧಾನವಾಗಿ ಓದಿ, ಪೆನ್ನು ಹಿಡಿದು ಮಾಡಿ. ಕೆಳಗಿನ ಅಂಕಿಗಳು ಅರ್ಧ ಎಕರೆ ಕ್ಯಾಪ್ಸಿಕಂಗೆ ಒಂದು ಮಾದರಿ ಮಾತ್ರ. ನಿಮ್ಮ ಕೊಟೇಶನ್, ನಿಮ್ಮ ಊರಿನ ಕೂಲಿ ಹಾಕಿಕೊಳ್ಳಿ.

ಮೊದಲು ವರ್ಷದ ಸ್ಥಿರ ಖರ್ಚು. ಶೆಡ್ಡಿಗೆ ಚದರ ಮೀಟರಿಗೆ 1,100 ರೂಪಾಯಿಯಂತೆ 22 ಲಕ್ಷ. ಇದರಲ್ಲಿ ಶೀಟ್ ಮತ್ತು ನೆಟ್ 3 ಲಕ್ಷ. ಅವನ್ನು ಬೇರೆ ಮಾಡಿ, ಯಾಕೆಂದರೆ ಶೀಟ್ ಮೂರು ನಾಲ್ಕು ವರ್ಷಕ್ಕೆ ಹೋಗುತ್ತದೆ.

- ಕಬ್ಬಿಣದ ಭಾಗ 19 ಲಕ್ಷ, 15 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.27 ಲಕ್ಷ
- ಶೀಟ್, ನೆಟ್ 3 ಲಕ್ಷ, 3 ವರ್ಷಕ್ಕೆ: 1 ಲಕ್ಷ
- ಡ್ರಿಪ್, ಟ್ಯಾಂಕ್, ಬೆಡ್ ಮಾಡಿಸುವುದು 3 ಲಕ್ಷ, 5 ವರ್ಷಕ್ಕೆ: 60 ಸಾವಿರ
- 15 ಲಕ್ಷ ಸಾಲಕ್ಕೆ ನೂರಕ್ಕೆ 10ರಂತೆ ಮೊದಲ ವರ್ಷದ ಬಡ್ಡಿ: 1.5 ಲಕ್ಷ

ಒಟ್ಟು 4.37 ಲಕ್ಷ. ಒಂದು ಕಾಯಿ ಬಿಡದಿದ್ದರೂ ಇಷ್ಟು ಹೋಗುತ್ತದೆ.

ಆಮೇಲೆ ಬೆಳೆಯ ಖರ್ಚು. 6,000 ಸಸಿಗೆ 60 ಸಾವಿರ. ನೀರಲ್ಲಿ ಕರಗುವ ಗೊಬ್ಬರ 1 ಲಕ್ಷ. ಔಷಧಿ 60 ಸಾವಿರ. ಇಬ್ಬರು ಆಳು, ತಿಂಗಳಿಗೆ ಇಬ್ಬರಿಗೂ ಸೇರಿ 20 ಸಾವಿರದಂತೆ 2.4 ಲಕ್ಷ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ದಾರ 50 ಸಾವಿರ. ಡೀಸೆಲ್, ರಿಪೇರಿ 30 ಸಾವಿರ. ಒಟ್ಟು 5.4 ಲಕ್ಷ. ನೀವೂ ನಿಮ್ಮ ಮನೆಯವರೂ ದುಡಿಯುವುದಾದರೆ ಆ ಕೂಲಿಯನ್ನೂ ಬರೆಯಿರಿ. "ನಮ್ಮದೇ ಕೆಲಸ" ಅಂತ ಸೊನ್ನೆ ಹಾಕುವುದು ದೊಡ್ಡ ತಪ್ಪು. ಹೆಂಡತಿಯ ಎಂಟು ಗಂಟೆ ದುಡಿಮೆಗೆ ಬೆಲೆ ಇಲ್ಲವೇ?

ಎರಡೂ ಸೇರಿ 9.77 ಲಕ್ಷ. ಈಗ ಇಳುವರಿಯಿಂದ ಭಾಗಿಸಿ.

- 12 ಟನ್ ಬಂದರೆ ಕಿಲೋಗೆ ಖರ್ಚು 81 ರೂಪಾಯಿ
- 16 ಟನ್ ಬಂದರೆ 61 ರೂಪಾಯಿ
- 20 ಟನ್ ಬಂದರೆ 49 ರೂಪಾಯಿ

ಹಂತ 2ರಲ್ಲಿ ಕೈಗೆ ಬಂದದ್ದು 51.70. ಅಂದರೆ ಮಂಡಿಯಲ್ಲಿ 70 ಕೂಗಿದರೂ 16 ಟನ್ ತೆಗೆದವರಿಗೆ ನಷ್ಟ. 20 ಟನ್ ತೆಗೆದವರಿಗೆ ಕಿಲೋಗೆ ಎರಡು ಮೂರು ರೂಪಾಯಿ ಉಳಿಯುತ್ತದೆ.

ಈಗ ಸಬ್ಸಿಡಿ ಹಾಕಿ ನೋಡೋಣ. 8 ಲಕ್ಷ ಬಂದು ಸಾಲಕ್ಕೆ ಜಮೆ ಆಯಿತು ಅಂದುಕೊಳ್ಳಿ. ಬಡ್ಡಿಯಲ್ಲಿ 80 ಸಾವಿರ, ಶೆಡ್ಡಿನ ವರ್ಷದ ಪಾಲಿನಲ್ಲಿ ಸುಮಾರು 53 ಸಾವಿರ ಕಡಿಮೆ. 16 ಟನ್ನಿಗೆ ಖರ್ಚು 61ರಿಂದ ಸುಮಾರು 53ಕ್ಕೆ ಇಳಿಯುತ್ತದೆ. ಅಂದರೆ ಸಬ್ಸಿಡಿ ಕೊಟ್ಟದ್ದು ಕಿಲೋಗೆ 8 ರೂಪಾಯಿ. ಇಳುವರಿಯನ್ನು 16ರಿಂದ 20ಕ್ಕೆ ಏರಿಸಿದ್ದು ಕೊಟ್ಟದ್ದು 12 ರೂಪಾಯಿ. ಕಚೇರಿಗೆ ಅಲೆಯುವ ಶ್ರದ್ಧೆಯಲ್ಲಿ ಅರ್ಧವನ್ನು ಬೇರಿನ ಮೇಲೆ, ನೀರಿನ ಮೇಲೆ ಇಟ್ಟರೆ ಜಾಸ್ತಿ ಸಿಗುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಕೈಯಲ್ಲಿರುವ ನಗದು ಬೇರೆ ಲೆಕ್ಕ. 15 ಲಕ್ಷ ಸಾಲವನ್ನು 7 ವರ್ಷಕ್ಕೆ ತೀರಿಸಬೇಕಾದರೆ ಅಸಲೇ ವರ್ಷಕ್ಕೆ 2.14 ಲಕ್ಷ. ಮೇಲಿನ ಸ್ಥಿರ ಖರ್ಚಿನಲ್ಲಿ ಬಡ್ಡಿ ಬಿಟ್ಟು 2.87 ಲಕ್ಷ ಇದೆ. ಅಸಲು ಕಟ್ಟಿದರೆ ಉಳಿಯುವುದು 73 ಸಾವಿರ. ಶೀಟಿಗೆ ವರ್ಷಕ್ಕೆ ತೆಗೆದಿಡಬೇಕಾದ 1 ಲಕ್ಷಕ್ಕೇ ಅದು ಸಾಲದು. ನಾಲ್ಕನೇ ವರ್ಷ ಶೀಟ್ ಹರಿದು ಶೆಡ್ ಖಾಲಿ ನಿಲ್ಲುವುದು ಈ ಕಾರಣಕ್ಕೆ. ಶೀಟ್ ದುಡ್ಡನ್ನು ಪ್ರತಿ ಬೆಳೆಯಲ್ಲೂ ಬೇರೆ ಖಾತೆಗೆ ಹಾಕಿ, ಮದುವೆ ಬಂದರೂ ಮುಟ್ಟಬೇಡಿ. ಮೊದಲ ಕೊಯ್ಲಿನವರೆಗಿನ ಖರ್ಚಿಗೆ 3 ಲಕ್ಷವಾದರೂ ಕೈಯಲ್ಲಿರಲಿ. ಅಂಗಡಿಯಲ್ಲಿ ಔಷಧಿ ಉದ್ದರಿ ತಂದವರು ರೇಟು ಕೇಳುವ ಹಾಗಿಲ್ಲ.

## ಹಂತ 5: ಶೆಡ್ಡು

ಲೆಕ್ಕ ಒಪ್ಪಿದರೆ ಮಾತ್ರ ಇಲ್ಲಿಗೆ ಬನ್ನಿ. ಮೊದಲ ಸಲ ಅರ್ಧ ಎಕರೆ ಸಾಕು.

ಮೂರು ಕೊಟೇಶನ್ ತರಿಸಿ. ಒಟ್ಟು ಮೊತ್ತ ಹೋಲಿಸಬೇಡಿ. ಪೈಪಿನ ದಪ್ಪ, ಅಡಿಪಾಯದ ಆಳ, ಗಟರ್ (ಚಾವಣಿಯ ಮಳೆ ನೀರು ಹರಿಯುವ ದೋಣಿ) ಎತ್ತರ, ಶೀಟ್ 200 ಮೈಕ್ರಾನ್ ಹೌದೋ ಅಲ್ಲವೋ, ನೆಟ್ 40 ಮೆಶ್ (ಇಂಚಿಗೆ 40 ಕಣ್ಣು) ಹೌದೋ ಅಲ್ಲವೋ, ಇವನ್ನು ಸಾಲು ಸಾಲಾಗಿ ಬರೆದು ಹೋಲಿಸಿ. ಗಟರ್ ಎತ್ತರ 4 ಮೀಟರಿಗಿಂತ ಕಡಿಮೆಯಾದರೆ ಬೇಸಿಗೆಯಲ್ಲಿ ಒಳಗೆ ಬಿಸಿ ನಿಲ್ಲುತ್ತದೆ. 35 ಡಿಗ್ರಿ ದಾಟಿದರೆ ಕ್ಯಾಪ್ಸಿಕಂ ಹೂ ಉದುರಿಸುತ್ತದೆ, ಇಳುವರಿ ಹೋಯಿತು. ಮೇಲಿನ ಗಾಳಿಕಿಂಡಿ ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿರಲಿ. ಏಪ್ರಿಲ್, ಮೇ ತಿಂಗಳ ಬಿರುಗಾಳಿ, ಆಲಿಕಲ್ಲು ನಮ್ಮ ಕಡೆ ಹೊಸದಲ್ಲ. ಸಿಲ್ವರ್ ಓಕ್ ಅಥವಾ ಸರ್ವೆ ಸಾಲನ್ನು ಶೆಡ್ಡಿಗಿಂತ ಒಂದು ವರ್ಷ ಮೊದಲೇ ನೆಡಿ. ವಿಮೆ ಮಾಡಿಸುವಾಗ ಶೀಟಿಗೂ ಅನ್ವಯಿಸುತ್ತದೆಯೇ ಅಂತ ಬರಹದಲ್ಲಿ ಕೇಳಿ. ಎರಡು ಬಾಗಿಲಿನ ಪ್ರವೇಶ ಕೋಣೆ ಬೇಡ ಅಂತ ಉಳಿಸಲು ಹೋಗಬೇಡಿ.

## ಹಂತ 6: ಸಬ್ಸಿಡಿ ಮತ್ತು ಸಾಲದ ಕಾಗದ

ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಆ ವರ್ಷದ ಮಾರ್ಗಸೂಚಿ ಕೇಳಿ ಪಡೆಯಿರಿ. ತೋಟಗಾರಿಕೆ ಮಿಷನ್ನಿನ ಅರ್ಧ ಸಹಾಯಧನ ಅಂದರೆ ಇಲಾಖೆ ನಿಗದಿ ಮಾಡಿದ ಘಟಕ ವೆಚ್ಚದ ಅರ್ಧ. ನೀವು ಕೊಟ್ಟ ಬಿಲ್ಲಿನ ಅರ್ಧ ಅಲ್ಲ. ಒಬ್ಬರಿಗೆ ಇಷ್ಟೇ ವಿಸ್ತೀರ್ಣ ಅನ್ನುವ ಮಿತಿಯೂ ಇದೆ. ದುಡ್ಡು ಬರುವುದು ಕೆಲಸ ಮುಗಿದು, ತಪಾಸಣೆ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಮೊತ್ತಕ್ಕೆ ಬಡ್ಡಿ ನಿಮ್ಮದೇ.

ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಗುಂಡಿ ತೋಡಿಸಬೇಡಿ. ಪಹಣಿ ಜಂಟಿ ಹೆಸರಿನಲ್ಲಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. "ಸಬ್ಸಿಡಿ ನಾವೇ ಮಾಡಿಸಿಕೊಡ್ತೀವಿ, ನೀವು ಸಹಿ ಹಾಕಿ ಸಾಕು" ಅನ್ನುವವರು ಬಂದರೆ ಅದೇ ಎಚ್ಚರಿಕೆಯ ಗುರುತು. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡ.

## ಹಂತ 7: ಬೆಳೆ ನಡೆಯುವಾಗ ವಾರದ ಪುಸ್ತಕ

ಪ್ರತಿ ಭಾನುವಾರ ಐದು ಅಂಕಿ ಬರೆಯಿರಿ: ಕೊಯ್ದ ಕಿಲೋ, ಮೊದಲ ದರ್ಜೆ ಎಷ್ಟು, ಕೈಗೆ ಬಂದ ದುಡ್ಡು, ಆ ವಾರದ ಖರ್ಚು, ಒಳಗಿನ ಗರಿಷ್ಠ ಉಷ್ಣಾಂಶ.

ರೇಟು ಬಿದ್ದಾಗ ಏನು ಮಾಡಬೇಕು ಅನ್ನುವುದಕ್ಕೆ ಮೂರು ಬೇರೆ ಬೇರೆ ಲೆಕ್ಕ ಇದೆ. ಇವನ್ನು ಕಲಸಿಕೊಂಡರೆ ತಪ್ಪು ತೀರ್ಮಾನ ಆಗುತ್ತದೆ.

ಇವತ್ತು ಕೊಯ್ಯಬೇಕೋ ಬೇಡವೋ? ಕೊಯ್ಲು ಕೂಲಿ, ಬಾಕ್ಸ್, ಗಾಡಿ ಬಾಡಿಗೆ, ಕಮಿಷನ್ ಮಾತ್ರ ನೋಡಿ. ಅಷ್ಟು ಹುಟ್ಟಿದರೆ ಕೊಯ್ಯಿರಿ. ಬಡ್ಡಿಯನ್ನು ನೆನೆದು ಕಾಯಿಯನ್ನು ಗಿಡದಲ್ಲೇ ಬಿಟ್ಟರೆ ಮುಂದಿನ ಹೂವೂ ನಿಲ್ಲುತ್ತದೆ.

ಬೆಳೆ ಮುಂದುವರಿಸಬೇಕೋ ಕೀಳಬೇಕೋ? ಮುಂದಿನ ವಾರಗಳ ಗೊಬ್ಬರ, ಔಷಧಿ, ಕೂಲಿಗೆ ಬರುವ ಆದಾಯ ಸಾಲುತ್ತದೆಯೇ ನೋಡಿ. ಈಗಾಗಲೇ ಹಾಕಿದ ದುಡ್ಡು ಇಲ್ಲಿ ಲೆಕ್ಕಕ್ಕಿಲ್ಲ. "ಇಷ್ಟು ಹಾಕಿದ್ದೀನಲ್ಲ" ಅಂತ ಮುದಿ ಗಿಡಕ್ಕೆ ಎರಡು ತಿಂಗಳು ಸುಮ್ನೆ ಗೊಬ್ಬರ ಸುರಿಯುವವರೇ ಜಾಸ್ತಿ.

ಮುಂದಿನ ವರ್ಷ ಇದೇ ಬೆಳೆಯೋ ಬೇರೆಯೋ? ಇಲ್ಲಿ ಮಾತ್ರ ಎಲ್ಲಾ ಖರ್ಚು, ಶೀಟು, ಬಡ್ಡಿ ಸಮೇತ ಸೇರಿಸಿ.

ಗಿಡದ ಗುರುತುಗಳೂ ಲೆಕ್ಕದ ಭಾಗವೇ. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಹುಳ), ಕೆಳಕ್ಕೆ ಮುದುಡಿದರೆ ನುಸಿ. ಎರಡಕ್ಕೂ ಬೇರೆ ಔಷಧಿ. ನೋಡದೆ ಎರಡನ್ನೂ ಬೆರೆಸಿ ಹೊಡೆದರೆ ಖರ್ಚೂ ಹೋಗುತ್ತದೆ, ಹುಳವೂ ಬಗ್ಗುವುದಿಲ್ಲ. ಶೆಡ್ಡಿನೊಳಗೆ ಗಾಳಿ ಆಡುವುದು ಕಡಿಮೆ. ಮಾಸ್ಕ್, ಕೈಗವಸು ಇಲ್ಲದೆ ಆಳನ್ನು ಔಷಧಿ ಹೊಡೆಯಲು ಕಳಿಸಬೇಡಿ.

## ಹಂತ 8: ಬೆಳೆ ಕಿತ್ತ ದಿನ

ಮಣ್ಣು ಒದ್ದೆಯಿದ್ದರೂ ಮಧ್ಯಾಹ್ನ ಅಲ್ಲಲ್ಲಿ ಗಿಡ ಬಾಡುತ್ತಿತ್ತೇ? ಬೇರಿನಲ್ಲಿ ಗಂಟು ಕಟ್ಟಿಸುವ ಮಣ್ಣಿನ ಜಂತುಹುಳು (ನೆಮಟೋಡ್) ಇರಬಹುದು. ಕೀಳುವಾಗ ಪ್ರತಿ ಬೆಡ್‌ನಿಂದ ಹತ್ತು ಗಿಡದ ಬೇರನ್ನು ತೊಳೆದು ನೋಡಿ. ಗಂಟು ಕಂಡ ಬೆಡ್ ನಂಬರ್ ಪುಸ್ತಕದಲ್ಲಿ ಬರೆಯಿರಿ. ಬೇರು ಮಣ್ಣಿನಲ್ಲೇ ಉಳಿಯದಂತೆ ತೆಗೆದು ಹೊರಗೆ ಸುಡಿ.

ಬೆಳೆ ಮುಗಿಯುವುದನ್ನು ಏಪ್ರಿಲ್‌ಗೆ ಹೊಂದಿಸಿಕೊಂಡರೆ ಲಾಭ ಜಾಸ್ತಿ. ಆಗ ನೀರೂ ಕಡಿಮೆ, ಬಿಸಿಲೂ ಜೋರು. ಬೆಡ್‌ಗಳನ್ನು ಚೆನ್ನಾಗಿ ನೆನೆಸಿ, ತೆಳ್ಳನೆಯ ಪಾರದರ್ಶಕ ಶೀಟ್ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಕಟ್ಟಿ. ನಾಲ್ಕರಿಂದ ಆರು ವಾರ ಹಾಗೇ ಬಿಡಿ. ತೆಗೆದ ಮೇಲೆ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ಮಾಗಿಸಿದ ಬೇವಿನ ಹಿಂಡಿ ಹಾಕಿ. ಗಂಟು ಕಂಡಿದ್ದ ಬೆಡ್‌ಗಳಿಗೆ ಹಿಂಡಿಯನ್ನು ಹೆಚ್ಚಾಗಿ ಹಾಕಿ, ಸಸಿ ತರುವ ಮೊದಲು ಆ ಬೆಡ್‌ಗಳ ಮಣ್ಣನ್ನು ಜಂತುಹುಳು ಪರೀಕ್ಷೆಗೆ ಕಳಿಸಿ. ವರದಿ ಸರಿ ಬಂದ ಮೇಲೆ ನರ್ಸರಿಗೆ ಸಸಿಯ ಮುಂಗಡ ಕೊಡಿ.